ಕಲಶ ಕದಲಿಸಿದ ಮೇಲೆ

ಸನ್ನಿವೇಲ್
೧೮ ಆಗಸ್ಟ್ ೨೦೨೪, ಭಾನುವಾರ

ಪ್ರೀತಿಯ ಲಾಸ್ಯಾ,

ಫೋನ್ ಮಾಡಿದರೆ ಜಗಳ ಬರುತ್ತದೆ, ಬರೆದರೆ ಬರುವುದಿಲ್ಲ ಅಂತ ನೀನೇ ತಾನೆ ತೀರ್ಪು ಕೊಟ್ಟಿದ್ದು? ಸರಿ ತಾಯಿ, ಬರೆಯುತ್ತಿದ್ದೇನೆ. ಕನ್ನಡದಲ್ಲಿ ಇಮೇಲ್ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಕೋಪ ಅರ್ಧ ಇಳಿದುಹೋಗಿರುತ್ತದೆ. ಅದೊಂದು ಲಾಭ.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ ಆಯಿತು. ಅಮ್ಮ ಹೋದಮೇಲೆ ಮೊದಲನೆಯದು. 'ವರ್ಷದೊಳಗೆ ಹಬ್ಬ ಮಾಡ್ಬಹುದೇನ್ರೀ ಮೈಥಿಲಿ?' ಅಂತ ಸಂಯುಕ್ತಾ ರಾಗ ಎಳೆದಳು. ಅದೇ, ನಮ್ಮ ಪಕ್ಕದ ಅಪಾರ್ಟ್‌ಮೆಂಟಿನವಳು, ದೇವಸ್ಥಾನದಲ್ಲಿ ಸೇರುವ ನಮ್ಮ ಹೆಂಗಸರ ಗುಂಪಿಗೆ ಅವಳದೇ ಯಜಮಾನಿಕೆ. ಮದುವೆಯಾದ ಮಗಳಿಗೆ ಮೂರೇ ದಿನದ ಮೈಲಿಗೆ ಅಂತ ಶಾಸ್ತ್ರ ಹೇಳಿ ಅವಳ ಬಾಯಿ ಮುಚ್ಚಿಸಿದೆ.

ಲಕ್ಷ್ಮಿಯ ಮುಖವಾಡ ಇಲ್ಲಿನ ಇಂಡಿಯನ್ ಗ್ರೋಸರಿಯಿಂದ ತಂದೆ. ಬೆಳ್ಳಿ ಅಲ್ಲ, ಬೆಳ್ಳಿಯ ಬಣ್ಣ ಅಷ್ಟೆ. ಕೆನ್ನೆ ಒತ್ತಿದರೆ ಒಳಗೆ ಹೋಗುತ್ತದೆ. ಅಮ್ಮನ ಮುಖವಾಡ ನಿನ್ನ ಹತ್ತಿರವೇ ಇರಲಿ, ನಾನೇನೂ ಕೇಳುತ್ತಿಲ್ಲ. ಕೇಳುವುದಾದರೆ ದೊಡ್ಡ ಮಗಳು ನಾನು, ಪ್ರತಿ ವರ್ಷ ಹಬ್ಬ ಮಾಡುವವಳು ನಾನು. ಸಿಯೋಲ್‌ನ ಒಂದು ಕೋಣೆಯಲ್ಲಿ ಒಬ್ಬಳೇ ಇರುವವಳಿಗೆ ದೇವರ ಮುಖ ಯಾಕೆ ಬೇಕು? ನೋಡು, ಕೇಳುತ್ತಿಲ್ಲ ಅಂದವಳು ಕೇಳಿಯೇಬಿಟ್ಟೆ. ಅಳಿಸುವುದಿಲ್ಲ, ಓದಿಕೋ.

ಮಗಳು ಇಂಚರಾಗೆ ಹದಿನಾರು ತುಂಬಿತು. ಶಾಲೆಯ ಹುಡುಗಿಯರ ಜೊತೆ ಸೇರಿ ಕೊರಿಯನ್ ಹಾಡುಗಳಿಗೆ ಕುಣಿಯುತ್ತಾಳೆ. ಭಾನುವಾರ ಬಂತೆಂದರೆ ಯಾವುದಾದರೂ ಖಾಲಿ ಆಫೀಸು ಕಟ್ಟಡದ ಗಾಜಿನ ಮುಂದೆ ನಿಂತು ಅದನ್ನೇ ಕನ್ನಡಿ ಮಾಡಿಕೊಂಡು ಪ್ರಾಕ್ಟೀಸು. ಬೆರ್ರಿಯೆಸಾದಿಂದ ಇಮಾನಿ ಅಂತ ಒಬ್ಬ ಕರಿಯರ ಹುಡುಗಿ ಬರುತ್ತಾಳೆ, ಕ್ಯುಪರ್ಟಿನೋದಿಂದ ಜೀವೂ ಅಂತ ಕೊರಿಯನ್ ಹುಡುಗಿ. ಎಲ್ಲರಿಗೂ 'ಸಿಕ್ಸ್‌ಬ್ಯೋಲ್' ಅನ್ನುವ ಆರು ಹುಡುಗಿಯರ ತಂಡವೆಂದರೆ ಪ್ರಾಣ. ಚಿಕ್ಕಿಯ ಕಂಪನಿ ಅವರಿಗೆ ಕೆಲಸ ಮಾಡುತ್ತದಾ ಕೇಳು ಅಂತ ಪೀಡಿಸುತ್ತಿದ್ದಾಳೆ. ಉತ್ತರ ಬರಿ.

ನಿನ್ನ ಅಕ್ಕ
ಮೈಥಿಲಿ


ಸಿಯೋಲ್
೮ ಸೆಪ್ಟೆಂಬರ್ ೨೦೨೪

ಅಕ್ಕ,

ಓದಿಕೊಂಡೆ.

ಅಮ್ಮನ ಮುಖವಾಡ ಫ್ರಿಜ್ಜಿನ ಮೇಲಿದೆ. ಈ ಕೋಣೆಯಲ್ಲಿ ಎತ್ತರದ ಜಾಗ ಅದೊಂದೇ. ಹಬ್ಬದ ದಿನ ನನಗೆ ರಜೆ ಇರಲಿಲ್ಲ. ಬೆಳಿಗ್ಗೆ ತಂಬಿಗೆಗೆ ಅಕ್ಕಿ ತುಂಬಿ, ಮುಖವಾಡ ಕಟ್ಟಿ, ಎರಡು ಬಾಳೆಹಣ್ಣು ಇಟ್ಟು ಹೋದೆ. ಮರುದಿನ ಕದಲಿಸಿ ಒರೆಸಿಟ್ಟೆ. ಅಮ್ಮನ ಕೆಂಪುಕಲ್ಲಿನ ಮೂಗುಬೊಟ್ಟು ಅದರ ಮೂಗಿನಲ್ಲಿ ಹಾಗೇ ಇದೆ.

ಕೆಲಸ ನಡೆಯುತ್ತಿದೆ. ಹಾಡುಗಳ ಶೂಟಿಂಗಿಗೆ ಬೇಕಾದ ಸಾಮಾನು ಒದಗಿಸುವುದು, ಜೋಡಿಸುವುದು, ವಾಪಸ್ ಕಟ್ಟಿಡುವುದು. ನಮ್ಮ ಕಂಪನಿ ಸಿಕ್ಸ್‌ಬ್ಯೋಲ್‌ಗೂ ಮಾಡುತ್ತದೆ ಅಂತ ಇಂಚರಾಗೆ ಹೇಳು. ಅದಕ್ಕಿಂತ ಹೆಚ್ಚು ನಾನು ಹೇಳುವ ಹಾಗಿಲ್ಲ.

ಟೀಮ್ ಲೀಡರ್ ಚೊ ಒಂದು ದಿನ ಊಟಕ್ಕೆ ಬಂದಿದ್ದಳು. ಚಿತ್ರಾನ್ನ ಮಾಡಿದ್ದೆ. ಫ್ರಿಜ್ಜಿನ ಮುಂದೆ ತುಂಬ ಹೊತ್ತು ನಿಂತಿದ್ದಳು. ಇದು ಯಾರು ಅಂದಳು. ಅಮ್ಮನ ದೇವರು ಅಂದೆ. ಎರಡು ಕೈ ಮುಂದೆ ಕಟ್ಟಿಕೊಂಡು ತಲೆ ಬಗ್ಗಿಸಿದಳು. ಈ ಊರಿಗೆ ಬಂದಮೇಲೆ ನನ್ನ ಮನೆಯ ಒಂದು ವಸ್ತುವನ್ನು ಯಾರಾದರೂ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಎಲ್ಲಕ್ಕಿಂತ ಕೊನೆಗೆ ತುಂಬುತ್ತದೆ. ಬ್ಯಾಗ್ ಇಡಲು ಜಾಗ ಆಯಿತು ಅಂದುಕೊಳ್ಳುತ್ತೇನೆ.

ಸಿಕ್ಸ್‌ಬ್ಯೋಲ್‌ನ ಹೊಸ ವಿಡಿಯೋ ನವೆಂಬರ್‌ನಲ್ಲಿ ಬರುತ್ತದೆ. ಇಂಚರಾ ಹೇಗೂ ನೋಡುತ್ತಾಳೆ. ನೀನೂ ನೋಡು. ನಿನಗೆ ಖುಷಿಯಾಗಬಹುದು.

ಲಾಸ್ಯಾ


ಸನ್ನಿವೇಲ್
೨೪ ನವೆಂಬರ್ ೨೦೨೪

ಲಾಸ್ಯಾ,

ಖುಷಿಯಾಗಬಹುದು ಅಂದೆಯಲ್ಲೇ! ನೋಡಿದೆ ಕಣೇ. ಮೈಯೆಲ್ಲ ಉರಿದುಹೋಯಿತು.

ಇಂಚರಾ ಟಿವಿಯಲ್ಲಿ ಹಾಕಿದಳು. ಸಿಕ್ಸ್‌ಬ್ಯೋಲ್‌ನ ಆ ಆರು ಹುಡುಗಿಯರು ಏನೋ ಒಂದು ಅರಮನೆಯಂಥ ಸೆಟ್ಟಿನಲ್ಲಿ ಹೊರಳಾಡಿಕೊಂಡು ಹಾಡುತ್ತಿದ್ದಾರೆ, ಮಧ್ಯದಲ್ಲಿ ನೆಲದ ಮೇಲೆ ನಮ್ಮ ಮಹಾಲಕ್ಷ್ಮಿಯ ಮುಖ! ಕಣ್ಣಿಗೆ ನೀಲಿ ಕಲ್ಲು ಅಂಟಿಸಿದ್ದಾರೆ. ಒಬ್ಬಳು ಬೂಟು ಹಾಕಿದ ಕಾಲನ್ನು ಅದರ ಪಕ್ಕದಲ್ಲೇ ಚಾಚಿ ಕೂತಿದ್ದಾಳೆ. ನೀನು ಸಾಮಾನು ಜೋಡಿಸುವವಳು, ಇಂಥದ್ದು ನಿನ್ನ ಕಣ್ಣಿಗೆ ಬೀಳಲಿಲ್ಲವಾ? ಅಥವಾ ನಿನಗೆ ತೋರಿಸಲೇ ಇಲ್ಲವಾ? ತೋರಿಸಿರಲಾರರು, ಬಿಡು. ತೋರಿಸಿದ್ದರೆ ನೀನು ಬಿಡುತ್ತಿದ್ದೆಯಾ?

ನಾನು ಸುಮ್ಮನೆ ಕೂರಲಿಲ್ಲ. ಆನ್‌ಲೈನ್‌ನಲ್ಲಿ ಆ ಮುಖ ತೆಗೆದು ಕ್ಷಮೆ ಕೇಳಬೇಕು ಅಂತ ಒಂದು ಮನವಿ ಹಾಕಿ ಸಹಿ ಸಂಗ್ರಹ ಶುರು ಮಾಡಿದೆ. ಬರೆದಿದ್ದು ನಾನು, ಹಂಚಿದ್ದು ಸಂಯುಕ್ತಾ. ನಾಲ್ಕೇ ದಿನಕ್ಕೆ ಸಾವಿರ ದಾಟಿತು. ನಿನ್ನ ಭಾವ 'ಸುಮ್ನಿರಲಾರ್ದೆ ಮೈಮೇಲೆ ಇರುವೆ ಬಿಟ್ಕೊಂಡ್ರಂತೆ' ಅಂತ ನಕ್ಕರು. ನಗಲಿ.

ಇಂಚರಾದೇ ತಲೆನೋವು. 'ಅಮ್ಮಾ, ಹೋದ ವರ್ಷ ಸಿಕ್ಸ್‌ಬ್ಯೋಲ್‌ನವ್ರು ಸ್ಟೈಲ್‌ಗೆ ಅಂತ ಬ್ಲ್ಯಾಕ್ ಹುಡುಗೀರ ಥರ ಜಡೆ ಹಾಕ್ಕೊಂಡಾಗ ಇಮಾನಿ ಅತ್ತಿದ್ಳು. ಅವ್ಳು ಬರೆದ ಲೆಟರ್‌ಗೆ ಸೈನ್ ಮಾಡು ಅಂದ್ರೆ ನೀನ್ ಮಾಡ್ಲಿಲ್ಲ. ಜಡೆಗೆಲ್ಲ ಏನ್ ಜಗಳ ಅಂದೆ. ನೌ ಇಟ್ಸ್ ಯುವರ್ ಗಾಡ್, ಸೋ ನೌ ಯು ಕೇರ್?' ಅಂದಳು. ಜಡೆ ಬೇರೆ, ದೇವರು ಬೇರೆ ಕಣೇ ಅಂದೆ. ಬಾಗಿಲು ಹಾಕಿಕೊಂಡಳು. ಆದರೆ ನೋಡು, ಆ ಇಮಾನಿ ನನ್ನದಕ್ಕೆ ಮೊದಲ ದಿನವೇ ಸಹಿ ಹಾಕಿದ್ದಾಳೆ. ಒಳ್ಳೆ ಹುಡುಗಿ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಅಂಥ ಮುಖವಾಡ ಕೊರಿಯಾದ ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮವರೇ ಯಾರೋ ಕೊಟ್ಟಿದ್ದಾರೆ. ದುಡ್ಡಿಗೆ ದೇವರನ್ನು ಮಾರಿಕೊಂಡ ಆ ಮಾನಗೆಟ್ಟವರು ಯಾರು ಅಂತ ವಿಚಾರಿಸಿ ಹೆಸರು ತಿಳಿಸು. ನೀನು ಅಲ್ಲೇ ಇರುವವಳು, ನಿನಗೆ ಸುಲಭ.

ಮೈಥಿಲಿ


ಸಿಯೋಲ್
೧ ಡಿಸೆಂಬರ್ ೨೦೨೪

ಅಕ್ಕ,

ಕೆಲಸ ಜಾಸ್ತಿ ಇದೆ. ವಿಚಾರಿಸುತ್ತೇನೆ.

ನೀನು ಆ ಮುಖವನ್ನು ಸರಿಯಾಗಿ ನೋಡಿದೆಯಾ?

ಲಾಸ್ಯಾ


ಸನ್ನಿವೇಲ್
೮ ಡಿಸೆಂಬರ್ ೨೦೨೪

ಲಾಸ್ಯಾ,

ಏನು ಹಾಗೆಂದರೆ? ಕಣ್ಣು ಕಿತ್ತುಬರುವಷ್ಟು ನೋಡಿದ್ದೇನೆ. ಅದೊಂದು ಚೂರನ್ನು ನಿಲ್ಲಿಸಿ, ದೊಡ್ಡದು ಮಾಡಿ, ಫೋಟೋ ತೆಗೆದು ಮನವಿಯ ಮೇಲೆ ಹಾಕಿದವಳೇ ನಾನು. ಈಗ ಬೇ ಏರಿಯಾದ ಪ್ರತಿ ಕನ್ನಡದ ಮನೆಯ ವಾಟ್ಸಾಪ್‌ನಲ್ಲಿ ಆ ಮುಖ ಇದೆ. ಯಾರದು, ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತಾಗುತ್ತದೆ, ನೋಡುತ್ತಿರು. ಕೊಟ್ಟವರ ಬಾಯಿಂದಲೇ ಬರಬೇಕು ಅಂತ ಕಾಯುತ್ತಿದ್ದೇನೆ.

ಮನವಿಯ ಕೆಳಗೆ ಕೆಲವರು ಕೊರಿಯನ್ನರನ್ನು ಬಾಯಿಗೆ ಬಂದ ಹಾಗೆ ಬೈದಿದ್ದಾರೆ. ಕಣ್ಣು, ಊಟ, ಎಲ್ಲ ಎತ್ತಿ ಆಡಿದ್ದಾರೆ. ಹಾಗೆ ಬರೆಯಬಾರದಿತ್ತು, ನಿಜ. ಆದರೆ ಜನರ ಬಾಯಿ ಮುಚ್ಚುವುದಕ್ಕೆ ಆಗುತ್ತದಾ? ಅದನ್ನೆಲ್ಲ ಓದಿ ಆ ಜೀವೂ ಡ್ಯಾನ್ಸು ಬಿಟ್ಟಳಂತೆ. ಇಂಚರಾ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. ಮಕ್ಕಳ ಕೋಪ, ಸರಿಹೋಗುತ್ತದೆ.

ನಿನ್ನ ಪತ್ರ ಯಾಕೆ ಅಷ್ಟು ಚಿಕ್ಕದು? ಹುಷಾರಾಗಿದ್ದೀಯ ತಾನೆ? ಚಳಿಗೆ ಸ್ವೆಟರು ಹಾಕಿಕೋ. ಊಟ ಬಿಡಬೇಡ.

ಮೈಥಿಲಿ


ಸನ್ನಿವೇಲ್
೨೦ ಜನವರಿ ೨೦೨೫, ಸೋಮವಾರ

ಲಾಸ್ಯಾ,

ಇಷ್ಟು ದಿನವಾಯಿತು, ಒಂದು ಸಾಲೂ ಇಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲದ ಫೋಟೋ ಕಳಿಸಿದೆ, ಅದಕ್ಕೂ ಉತ್ತರ ಇಲ್ಲ. ಎಳ್ಳುಬೆಲ್ಲ ತಿಂದು ಒಳ್ಳೇ ಮಾತಾಡು ಅಂತ ಹೇಳುವುದಕ್ಕೂ ಆಗದ ಹಾಗೆ ಮಾಡಿದೆ.

ಒಳ್ಳೆಯ ಸುದ್ದಿ ಇದೆ. ನಾವು ಗೆದ್ದೆವು. ಆ ಹಾಡಿನವರು ಕ್ಷಮೆ ಕೇಳಿದರು. ವಿಡಿಯೋದಿಂದ ಲಕ್ಷ್ಮಿಯನ್ನು ತೆಗೆದುಹಾಕಿದ್ದಾರೆ. 'ಸಾಮಾನು ಒದಗಿಸುವ ಕಂಪನಿಯ ಒಬ್ಬ ವಿದೇಶಿ ಉದ್ಯೋಗಿಯ ಅಜಾಗರೂಕತೆ, ಅವರನ್ನು ಕೆಲಸದಿಂದ ತೆಗೆಯಲಾಗಿದೆ' ಅಂತ ಹೇಳಿಕೆ ಕೊಟ್ಟಿದ್ದಾರೆ. ವಿದೇಶಿ ಅಂದರೆ ನೇಪಾಳದವಳೋ ಬಾಂಗ್ಲಾದವಳೋ ಇರಬೇಕು, ಅಲ್ಲವಾ? ನಿನಗೆ ಗೊತ್ತಿರುತ್ತದೆ. ಏನೇ ಆಗಲಿ, ಮಾಡಿದ್ದುಣ್ಣೋ ಮಹರಾಯ.

ನಿನ್ನೆ ಎಲ್ಲರೂ ಸೇರಿದ್ದೆವು. ನಾನೇ ಕೇಸರಿಬಾತ್ ಮಾಡಿದ್ದೆ. ಸಂಯುಕ್ತಾ ನನಗೆ ಶಾಲು ಹೊದಿಸಿದಳು. ಬೇಡ ಬೇಡ ಅಂತಲೇ ಹೊದಿಸಿಕೊಂಡೆ. ಅಮ್ಮ ಇದ್ದಿದ್ದರೆ ಎಷ್ಟು ಹೆಮ್ಮೆ ಪಡುತ್ತಿದ್ದಳು ಅನ್ನಿಸಿತು.

ಇವತ್ತು ಇಲ್ಲಿ ರಜೆ, ಮಾರ್ಟಿನ್ ಲೂಥರ್ ಕಿಂಗ್ ದಿನ. ಇಂಚರಾ ಇಮಾನಿಯ ಮನೆಯವರ ಜೊತೆ ಮೆರವಣಿಗೆಗೆ ಹೋಗಿದ್ದಾಳೆ. ಡಬ್ಬಿಯಲ್ಲಿ ಕೇಸರಿಬಾತ್ ಹಾಕಿಕೊಟ್ಟೆ. ಟೇಬಲ್ಲಿನ ಮೇಲೇ ಬಿಟ್ಟು ಹೋಗಿದ್ದಾಳೆ.

ಮೈಥಿಲಿ


ಸಿಯೋಲ್
೯ ಫೆಬ್ರವರಿ ೨೦೨೫

ಅಕ್ಕ,

ನೀನು ಹೆಸರು ಕೇಳಿದ್ದೆ. ಲಾಸ್ಯಾ.

ನಿನಗೆ ಗೊತ್ತಿದೆ. ಕೊಟ್ಟವರ ಬಾಯಿಂದಲೇ ಬರಬೇಕು ಅಂತ ಕಾಯುತ್ತಿದ್ದೇನೆ ಅಂತ ಬರೆದಿದ್ದೆ. ಈಗ ಬಂತು. ನೀನು ಮೊದಲ ದಿನವೇ ಗುರುತು ಹಿಡಿದು, ಮುಖವಾಡ ನಾನು ಇಟ್ಟುಕೊಂಡಿದ್ದಕ್ಕೆ ಹೀಗೆ ಮಾಡಿದೆ ಅಂತ ಅರ್ಥವಾಯಿತು. ಜಗಳವಾಡುವುದಕ್ಕಲ್ಲ ಬರೆಯುತ್ತಿರುವುದು. ನಡೆದಿದ್ದು ನಿನಗೆ ಗೊತ್ತಿರಲಿ ಅಂತ.

ಹಾಡಿಗೆ ಇಂಡಿಯಾದ ಕಳೆ ಬೇಕು ಅಂದರು. ಹಿಂದೆ ಕುಣಿಯುವ ಹುಡುಗಿಯರ ಮುಖಕ್ಕೆ ಕಂದು ಬಣ್ಣ ಬಳಿಯೋಣ ಅಂತ ಮಾತಾಯಿತು. ಮೇಕಪ್ ಹುಡುಗಿ ನನ್ನ ಕೈ ಹಿಡಿದು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಡಬ್ಬಿಗಳನ್ನು ಒಂದೊಂದಾಗಿ ಇಟ್ಟು ಯಾವ ಬಣ್ಣ ಹೊಂದುತ್ತದೆ ಅಂತ ನೋಡಿದಳು. ಕೆಟ್ಟ ಮನಸ್ಸಿನಿಂದ ಅಲ್ಲ. ಪರದೆಗೆ ಬಟ್ಟೆ ಹೊಂದಿಸುವ ಹಾಗೆ. ನಾನು ಸುಮ್ಮನೆ ಕೈ ಚಾಚಿಕೊಂಡು ಕೂತಿದ್ದೆ. ಆಮೇಲೆ ಎದ್ದು, ಇದು ಬೇಡ, ಇದು ತಪ್ಪು ಅಂದೆ. ಅಲ್ಲಿ ಹಾಗೆ ಎದ್ದುನಿಂತು ಮಾತಾಡುವ ರೂಢಿ ಇಲ್ಲ. ಚೊ ಮಾತ್ರ, ಸರಿ, ಹಾಗಾದರೆ ನೀನೇ ಏನಾದರೂ ಕೊಡು ಅಂದಳು. ಮನೆಗೆ ಹೋಗಿ ಅಮ್ಮನನ್ನು ತಂದೆ.

ಯಾರೂ ಕಾಸು ಕೊಡಲಿಲ್ಲ, ನಾನು ಕೇಳಲಿಲ್ಲ. ಅಪ್ಪ ಹೋದಮೇಲೂ ಅಮ್ಮ ಹಬ್ಬ ಬಿಡಲಿಲ್ಲ, ನೆನಪಿದೆಯಾ? ಗಂಡ ಇಲ್ಲದವಳಿಗೆ ಯಾವ ವರಮಹಾಲಕ್ಷ್ಮಿ ಅಂತ ಸರಸ್ವತಿಪುರಂನ ಹೆಂಗಸರೆಲ್ಲ ಅಂದರು. ಅಮ್ಮ ತನ್ನ ಮೂಗುಬೊಟ್ಟು ಬಿಚ್ಚಿ ಲಕ್ಷ್ಮಿಯ ಮೂಗಿಗೆ ಹಾಕಿ, ಬಾಗಿಲು ತೆರೆದೇ ಇಟ್ಟು ಪೂಜೆ ಮಾಡಿದಳು. ಯಾರೂ ಬರಲಿಲ್ಲ. ಆಮೇಲೆ ಯಾವ ವರ್ಷವೂ ಬರಲಿಲ್ಲ. ಆ ಮುಖವನ್ನು ಲೋಕವೆಲ್ಲ ನೋಡಲಿ ಅನ್ನಿಸಿತು. ನೀನು ನೋಡಿ ಕಿರುಚಿಕೊಂಡು ಫೋನ್ ಮಾಡುತ್ತೀಯ ಅಂದುಕೊಂಡಿದ್ದೆ. ಫೋನ್ ಕೈಯಲ್ಲೇ ಇಟ್ಟುಕೊಂಡಿದ್ದೆ.

ಕಲಶ ಕದಲಿಸಿದ ಮೇಲೆ ಅದು ಬರೀ ಬೆಳ್ಳಿ ಅಂತ ಅಮ್ಮನೇ ಹೇಳುತ್ತಿದ್ದಳು. ಹಳೇ ಲಂಗದಲ್ಲಿ ಸುತ್ತಿ ರವೆ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಅದೇ ಧೈರ್ಯದ ಮೇಲೆ ಕೊಟ್ಟೆ. ಮೂಗುಬೊಟ್ಟು ಬಿಚ್ಚಿಟ್ಟುಕೊಂಡೆ. ಪೀಠದ ಮೇಲೆ ರೇಷ್ಮೆ ಹಾಸಿ ನಾನೇ ಇಟ್ಟಿದ್ದೆ. ಇನ್ನೊಂದು ಸೆಟ್ಟಿಗೆ ದೀಪ ತರಲು ಹೋಗಿದ್ದಾಗ ಕ್ಯಾಮೆರಾದವರು ಕೆಳಗಿಟ್ಟರು. ಇಲ್ಲಿನ ಜನ ನೆಲದ ಮೇಲೇ ಕೂತು, ಉಂಡು, ಮಲಗುವವರು. ನೆಲ ಅಂದರೆ ಕೀಳು ಅಂತ ಅವರಿಗೆ ಹೊಳೆಯಲಿಲ್ಲ. ಬೂಟಿನ ವಿಷಯ ನಾನು ಹೇಳಿದ್ದೆ. ಹೇಳಿದ್ದು ಆ ಹುಡುಗಿಯವರೆಗೆ ಹೋಗಲಿಲ್ಲ.

ಕೆಲಸದಿಂದ ತೆಗೆದ ದಿನ ಚೊ ಕೆಳಗಿನವರೆಗೆ ಬಂದು ಬಿಟ್ಟುಹೋದಳು. ನನಗೆ ಅಳು ಬರಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟೆ. ಉಪ್ಪಿನಕಾಯಿ ಖಾಲಿಯಾಗಿತ್ತು, ಅದರ ಬಗ್ಗೆಯೇ ಯೋಚಿಸುತ್ತಿದ್ದೆ. ಈಗಲೂ ಹಾಗೇ ಇದೆ. ನಿನ್ನ ಪತ್ರ ಓದಿದಾಗಲೂ ಏನೂ ಆಗಲಿಲ್ಲ. ಕೇಸರಿಬಾತ್‌ಗೆ ನೀನು ಅನಾನಸ್ ಹಾಕುತ್ತೀಯೋ ಇಲ್ಲವೋ ಅಂತ ನೆನಪು ಮಾಡಿಕೊಳ್ಳುತ್ತಿದ್ದೆ.

ಲಾಸ್ಯಾ


ಸನ್ನಿವೇಲ್
೯ ಫೆಬ್ರವರಿ ೨೦೨೫

ಲಾಸ್ಯಾ, ಫೋನ್ ತೆಗಿ. ಜಗಳ ಆಡುವುದಿಲ್ಲ, ದೇವರಾಣೆ. ಫೋನ್ ತೆಗಿ.

ನನಗೆ ಗೊತ್ತಿರಲಿಲ್ಲ ಕಣೇ. ಅಮ್ಮನಾಣೆಗೂ ಗೊತ್ತಿರಲಿಲ್ಲ. ಬಾಯಿಗೆ ಬಂದಿದ್ದು ಬರೆದೆ. ಮೂಗುಬೊಟ್ಟು ಇರಲಿಲ್ಲ, ಕಣ್ಣು ನೀಲಿ ಇತ್ತು, ನಾನು ಹೇಗೆ ಗುರುತು ಹಿಡಿಯಲಿ?

ಅಕ್ಕ


ಸನ್ನಿವೇಲ್
೨೩ ಫೆಬ್ರವರಿ ೨೦೨೫

ಲಾಸ್ಯಾ,

ನೀನು ಫೋನ್ ತೆಗೆಯುವುದಿಲ್ಲ ಅಂತ ಅರ್ಥವಾಯಿತು.

ಆ ಫೋಟೋ ಮತ್ತೆ ತೆಗೆದು ನೋಡಿದೆ. ಎಡಗಿವಿಯ ಕೆಳಗೆ ಆ ನೆಗ್ಗು ಕಾಣುತ್ತದೆ, ಅಟ್ಟದಿಂದ ಬಿದ್ದಾಗ ಆದದ್ದು. ಇಪ್ಪತ್ತು ವರ್ಷ ಹುಣಸೆಹಣ್ಣು ಹಾಕಿ ಉಜ್ಜಿದ ಕೈ ಇದು. ನಾನೇ ದೊಡ್ಡದು ಮಾಡಿದ ಫೋಟೋ. ಬೂಟು ನೋಡಿದೆ, ನೆಲ ನೋಡಿದೆ. ಮುಖ ನೋಡಲೇ ಇಲ್ಲ. ನಾನು ಬೇಕಂತಲೇ ಮಾಡಿದೆ ಅಂತ ನೀನು ಅಂದುಕೊಂಡಿದ್ದೇ ವಾಸಿ ಅನ್ನಿಸುತ್ತದೆ. ಗುರುತಾದರೂ ಹಿಡಿದಳು, ಮನೆಯವಳು ಅನ್ನುವ ಅರ್ಥ ಅದಕ್ಕಾದರೂ ಇರುತ್ತಿತ್ತು.

ಮನವಿ ತೆಗೆದುಬಿಡೋಣ ಅಂತ ಸಂಯುಕ್ತಾಗೆ ಹೇಳಿದೆ. 'ಗೆದ್ದಿರೋದನ್ನ ಯಾಕ್ರೀ ತೆಗೀಬೇಕು? ನಾಳೆ ಇನ್ನೊಬ್ರಿಗೆ ಪಾಠ ಆಗ್ಲಿ' ಅಂದಳು. ಯಾಕೆ ತೆಗೆಯಬೇಕು ಅಂತ ಹೇಳಲಿಲ್ಲ. ಹೇಳುತ್ತೇನೆ. ಒಂದು ಸರಿಯಾದ ಸಮಯ ನೋಡಿ ಹೇಳುತ್ತೇನೆ.

ನಿನ್ನ ಖರ್ಚಿಗೆ ಏನಾದರೂ ಬೇಕಾ?

ಅಕ್ಕ


ಸಿಯೋಲ್
೩೦ ಮಾರ್ಚ್ ೨೦೨೫, ಯುಗಾದಿ

ಅಕ್ಕ,

ಖರ್ಚಿಗೆ ಬೇಡ.

ಮುಖವಾಡ ಪಾರ್ಸೆಲ್ ಮಾಡಿದ್ದೇನೆ. ಮೂಗುಬೊಟ್ಟು ಬೇರೆ ಪೊಟ್ಟಣದಲ್ಲಿದೆ. ಕಣ್ಣಿನ ಸುತ್ತ ಅಂಟು ಉಳಿದಿದೆ, ನನಗೆ ತೆಗೆಯಲು ಆಗಲಿಲ್ಲ. ನೀನು ಹೇಳಿದ್ದು ಸರಿ, ಹಬ್ಬ ಮಾಡುವವಳು ನೀನು. ಇನ್ನು ಅದು ನಿನ್ನದು.

ಒಂದು ಕೇಳುತ್ತೇನೆ. ನನ್ನ ವೀಸಾ ಹಳೇ ಕಂಪನಿಯ ಮೇಲೆ ನಿಂತಿತ್ತು. ಸೆಪ್ಟೆಂಬರ್‌ವರೆಗೆ ಬೇರೆ ಕೆಲಸ ಹುಡುಕಿಕೊಳ್ಳಲು ಬಿಟ್ಟಿದ್ದಾರೆ. ಬೂಸಾನ್‌ನಲ್ಲಿ ನಾಟಕದ ಸೆಟ್ ಮಾಡುವ ಒಂದು ಕಂಪನಿ ನನ್ನನ್ನು ತೆಗೆದುಕೊಳ್ಳಲು ಒಪ್ಪುತ್ತದೆ. ಅವರಿಗೆ ಇರುವ ಭಯ ಒಂದೇ, ನಾಳೆ ನಿಮ್ಮ ಗುಂಪು ಅವರ ಮೇಲೂ ಬಿದ್ದರೆ ಅಂತ. ಅದು ನಮ್ಮ ತಾಯಿಯ ಸ್ವಂತದ್ದು, ಮಗಳು ಗೌರವದಿಂದ ಕೊಟ್ಟಿದ್ದು, ನಮಗೆ ಅವಳ ಮೇಲೆ ದೂರಿಲ್ಲ ಅಂತ ನಿಮ್ಮ ಗುಂಪಿನ ಹೆಸರಲ್ಲಿ ಎರಡು ಸಾಲು ಬಂದರೆ ಸಾಕು. ನೀನೊಬ್ಬಳೇ ಬರೆದರೆ ಅಕ್ಕ ಅಂತ ಬರೆದಳು ಅನ್ನುತ್ತಾರೆ. ಎಲ್ಲರೂ ಬರೆಯಬೇಕು.

ಅದಕ್ಕೆ ನೀನು ಅವರಿಗೆ ಹೇಳಬೇಕಾಗುತ್ತದೆ. ಅಷ್ಟೆ.

ಬೇವುಬೆಲ್ಲಕ್ಕೆ ಬೇವು ಸಿಗಲಿಲ್ಲ. ಬೆಲ್ಲ ಇತ್ತು.

ಲಾಸ್ಯಾ


ಸನ್ನಿವೇಲ್
೧೮ ಮೇ ೨೦೨೫

ಲಾಸ್ಯಾ,

ಪಾರ್ಸೆಲ್ ಬಂದು ತುಂಬ ದಿನವಾಯಿತು. ಬಿಚ್ಚಲು ಧೈರ್ಯ ಬರಲಿಲ್ಲ, ಇಂಚರಾ ಬಿಚ್ಚಿದಳು. ಎಲ್ಲ ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ಕಣ್ಣಿನ ಅಂಟನ್ನು ಉಗುರಿನಿಂದ ತೆಗೆಯುತ್ತಾ ಕೂತಳು. 'ಚಿಕ್ಕಿಗೆ ಲೆಟರ್ ಯಾವಾಗ ಕೊಡ್ತೀಯ?' ಅಂತ ಅಷ್ಟೇ ಕೇಳಿದಳು.

ಕೊಡುತ್ತೇನೆ ಕಣೇ. ಎರಡು ಸಲ ಹೇಳಲು ಹೋದೆ. ಒಂದು ಸಲ ಸಂಯುಕ್ತಾಳ ಮನೆಯಲ್ಲಿ ನೆಂಟರಿದ್ದರು. ಇನ್ನೊಂದು ಸಲ ಎಲ್ಲರೂ ಆ ಶಾಲಿನ ಮಾತೇ ಆಡುತ್ತಿದ್ದರು. ನಾನು ಯೋಚನೆ ಮಾಡಿದ್ದೇನೆ. ಹಬ್ಬದ ದಿನ ಅಮ್ಮನ ಮುಖವಾಡವನ್ನೇ ಕಟ್ಟಿ ಕೂರಿಸುತ್ತೇನೆ. ಅಷ್ಟೊಂದು ಫೋಟೋ ಹಂಚಿದವರು, ಬಾಗಿಲಲ್ಲೇ ಗುರುತು ಹಿಡಿಯುತ್ತಾರೆ. ಇದೇನ್ರೀ ಮೈಥಿಲಿ ಅಂತ ಕೇಳೇ ಕೇಳುತ್ತಾರೆ. ಆಗ ಎಲ್ಲರ ಎದುರಿಗೆ ಹೇಳಿ, ಅಲ್ಲೇ ಕೂರಿಸಿ ಪತ್ರ ಬರೆಸುತ್ತೇನೆ. ಆಗಸ್ಟ್ ಎಂಟನೇ ತಾರೀಖು ಹಬ್ಬ. ಸೆಪ್ಟೆಂಬರ್ ಒಳಗೆ ಆಗುತ್ತದೆ. ಸ್ವಲ್ಪ ತಾಳಿಕೋ.

ಅಕ್ಕ


ಸಿಯೋಲ್
೨೫ ಮೇ ೨೦೨೫

ಸರಿ ಅಕ್ಕ.

ಲಾಸ್ಯಾ


ಸನ್ನಿವೇಲ್
೧೦ ಆಗಸ್ಟ್ ೨೦೨೫, ಭಾನುವಾರ

ಲಾಸ್ಯಾ,

ಹಬ್ಬ ಆಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಅಮ್ಮನ ಮುಖವಾಡ ಕಟ್ಟಿದೆ. ಮೂಗುಬೊಟ್ಟು ನಾನೇ ಹಾಕಬೇಕು ಅಂತ ಕೂತೆ, ಕೊನೆಗೆ ಇಂಚರಾ ಹಾಕಿದಳು. ಹಸಿರು ಸೀರೆ ಉಡಿಸಿದೆ. ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ಸಂಜೆ ಎಲ್ಲರೂ ಬಂದರು. ಸಹಿ ಹಾಕಿದವರೇ, ಶಾಲು ಹೊದಿಸಿದವರೇ.

ಯಾರೂ ಗುರುತು ಹಿಡಿಯಲಿಲ್ಲ.

ಅರಿಶಿನ ಕುಂಕುಮ ಹಚ್ಚಿದರು, ಅಕ್ಷತೆ ಹಾಕಿದರು, ಹಾಡು ಹೇಳಿದರು, ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಸಂಯುಕ್ತಾ ಆರತಿ ಎತ್ತಿ, 'ಎಷ್ಟ್ ಕಳೆ ನೋಡ್ರೀ! ಹಳೇ ಬೆಳ್ಳಿ ಅಂದ್ರೆ ಇದು. ಎಲ್ಲಿ ಮಾಡ್ಸಿದ್ರಿ?' ಅಂದಳು. ಅಮ್ಮಂದು ಅಂದೆ. ಅಲ್ಲಿಂದ ಮುಂದಕ್ಕೆ ಬಾಯಿಪಾಠದ್ದು ಒಂದು ಅಕ್ಷರವೂ ಬರಲಿಲ್ಲ.

ಆಗ ಇಂಚರಾ ಎದ್ದುನಿಂತಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಕನ್ನಡದಲ್ಲೇ ಹೇಳಿದಳು. 'ಆಂಟಿ, ಆ ವಿಡಿಯೋದಲ್ಲಿ ಇದ್ದಿದ್ದು ಇದೇ. ನಮ್ಮಜ್ಜಿದು. ಚಿಕ್ಕಿ ಕೊಟ್ಟಿದ್ದು. ರೆಸ್ಪೆಕ್ಟ್‌ನಿಂದ ಕೊಟ್ಟಿದ್ದು.' ಎಲ್ಲರೂ ಮುಖವಾಡದ ಕಡೆ ತಿರುಗಿದರು. ಆಮೇಲೆ ಸಂಯುಕ್ತಾ ನಕ್ಕು ಅವಳ ಗಲ್ಲ ಹಿಡಿದು, 'ಅಯ್ಯೋ ಇಲ್ಲ ಕಂದಾ, ಅದೇ ಬೇರೆ. ಅದ್ರ ಮುಖ್ದಲ್ಲಿ ಕಳೆನೇ ಇರ್ಲಿಲ್ಲ. ಅದು ಬರೀ ಬೊಂಬೆ. ಅಲ್ವೇನ್ರೀ ಮೈಥಿಲಿ?' ಅಂದಳು.

ಎಲ್ಲರೂ ನನ್ನನ್ನು ನೋಡಿದರು. ಇಂಚರಾ ಕೂಡ ನೋಡುತ್ತಿದ್ದಳು.

'ಕಾಫಿ ತರ್ತೀನಿ' ಅಂತ ಎದ್ದು ಒಳಗೆ ಹೋದೆ.

ಡಿಕಾಕ್ಷನ್ ಮೊದಲೇ ಇಳಿದಿತ್ತು. ಹಾಲು ಉಕ್ಕುವವರೆಗೂ ಒಲೆ ಮುಂದೆ ನಿಂತಿದ್ದೆ. ಹೊರಗೆ ಯಾರದೋ ಮನೆ ಮಾರಾಟದ ಮಾತು ಶುರುವಾಗಿತ್ತು. ತಟ್ಟೆ ಹಿಡಿದು ಬಂದಾಗ ಇಂಚರಾ ಇರಲಿಲ್ಲ. ಎಲ್ಲರಿಗೂ ತಾಂಬೂಲ ಕೊಟ್ಟು ಕಳಿಸಿದೆ. ಈಗ ಇಂಚರಾ ಇಮಾನಿಯ ಮನೆಯಲ್ಲಿದ್ದಾಳೆ, ಶಾಲೆ ಶುರುವಾಗುವವರೆಗೆ ಅಲ್ಲೇ ಇರುತ್ತಾಳಂತೆ.

ನಿನ್ನೆ ಬೆಳಿಗ್ಗೆ ಕಲಶ ಕದಲಿಸಿದೆ. ಮುಖವಾಡವನ್ನು ನನ್ನದೊಂದು ಹಳೇ ಲಂಗದಲ್ಲಿ ಸುತ್ತಿ ಇಟ್ಟೆ. ಈ ವಾರ ಸಂಯುಕ್ತಾ ಒಬ್ಬಳೇ ಸಿಕ್ಕರೆ ಹೇಳುತ್ತೇನೆ ಅಂತ ಬರೆಯೋಣ ಅಂದುಕೊಂಡೆ. ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ಏನಾದರೂ ಬೈದು ಬರಿ ಲಾಸ್ಯಾ. ಬೈಯಿ.

ಅಕ್ಕ


ಸಿಯೋಲ್
೧೨ ಆಗಸ್ಟ್ ೨೦೨೫

ಅಕ್ಕ,

ಓದಿಕೊಂಡೆ. ಬೂಸಾನ್‌ನವರಿಗೆ ಆಗುವುದಿಲ್ಲ ಅಂತ ತಿಳಿಸಿದ್ದೇನೆ. ವೀಸಾ ಮುಗಿಯುವುದರೊಳಗೆ ಕೋಣೆ ಖಾಲಿ ಮಾಡುತ್ತಿದ್ದೇನೆ. ಫ್ರಿಜ್ಜನ್ನು ಚೊ ತೆಗೆದುಕೊಳ್ಳುತ್ತಾಳೆ. ಇಂಚರಾಗೆ ಬೇರೆ ಬರೆಯುತ್ತೇನೆ.

ಕಾಫಿ ಎಲ್ಲರಿಗೂ ಸಾಕಾಯಿತಾ?

ಲಾಸ್ಯಾ